ಒಂದೇ ಪ್ರೋಗ್ರಾಂ, ಎರಡು ಎಸ್‌ಕ್ಯೂಲೈಟ್: ಶಾಲಾ ನಕ್ಷೆ ತಂತ್ರಾಂಶವೊಂದನ್ನು ಕುರಿತು

ತಿರುವನಂತಪುರದಲ್ಲಿ ಪ್ರಧಾನ ಕಚೇರಿಯೂ ಕೊಚ್ಚಿಯ ಇಡಪ್ಪಳ್ಳಿಯಲ್ಲಿ ಪ್ರಾದೇಶಿಕ ಕೇಂದ್ರವೂ ಇರುವ ಕೈಟ್ ಸಂಸ್ಥೆ ಕೇರಳದ ಶಾಲೆಗಳಿಗೆ ಉಬುಂಟು ಆಧಾರಿತ ಗ್ನು/ಲಿನಕ್ಸ್ ಸಿದ್ಧಪಡಿಸುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಈ ವ್ಯವಸ್ಥೆಯೊಳಗಿವೆ. ರಾಜ್ಯದ ಹೈಸ್ಕೂಲು ಐಸಿಟಿ ಪಾಠಗಳಲ್ಲಿ ಬಳಕೆಯಾದ ನಕ್ಷೆ ತಂತ್ರಾಂಶ ಕ್ಯೂಜಿಐಎಸ್. ಎಸ್‌ಕ್ಯೂಲೈಟಿನಂಥ ಡೇಟಾಬೇಸ್ ಲೈಬ್ರರಿಯೊಂದನ್ನು ಹಲವು ಮಾಡ್ಯೂಲುಗಳು ಹಂಚಿಕೊಂಡಾಗ ಏನಾಗುತ್ತದೆಂದು ನೋಡಲು ಅದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

2018ರಲ್ಲಿ ಬಂದ 3.0 ಆವೃತ್ತಿಯಿಂದ ಕ್ಯೂಜಿಐಎಸ್ ಜಿಯೋಪ್ಯಾಕೇಜ್ ಎಂಬ ಕಡತ ರೂಪಕ್ಕೆ ಆದ್ಯತೆ ಕೊಟ್ಟಿದೆ. ಆ ಕಡತವೆಂದರೆ ಎಸ್‌ಕ್ಯೂಲೈಟ್ ಡೇಟಾಬೇಸೇ. ಕ್ಯೂಜಿಐಎಸ್, ಅದು ಬಳಸುವ ಜಿಡಾಲ್, ಸ್ಪೇಷಿಯಲೈಟ್ ಎಂಬ ಲೈಬ್ರರಿಗಳು, ಹೀಗೆ ಮೂರೂ ಎಸ್‌ಕ್ಯೂಲೈಟನ್ನು ಕರೆಯುತ್ತವೆ. ಮೂರಕ್ಕೂ ಒಂದೇ ಪ್ರತಿ ಸಿಕ್ಕರೆ ತೊಂದರೆಯಿಲ್ಲ. ಒಂದು ಮಾಡ್ಯೂಲು ತನ್ನೊಳಗೇ ಬೇರೆ ಪ್ರತಿಯನ್ನು ಅಡಕಮಾಡಿಕೊಂಡಿದ್ದರೆ ಅಪಾಯ ಶುರು.

ಕಾರಣ ಎಸ್‌ಕ್ಯೂಲೈಟಿನ ಮೂಲಸಂಕೇತದಲ್ಲೇ ಇದೆ. ಪಡೆದ ಮೆಮೊರಿಯ ಗಾತ್ರವನ್ನು ಸಿ ಲೈಬ್ರರಿಯಿಂದಲೇ ಕೇಳಿ ತಿಳಿಯುವಂತೆ ಕಂಪೈಲ್ ಮಾಡದಿದ್ದರೆ, ಅದು 8 ಬೈಟು ಹೆಚ್ಚು ಪಡೆದು, ಮೊದಲ 8 ಬೈಟುಗಳಲ್ಲಿ ಗಾತ್ರ ಬರೆದು, ಅದರ ಮುಂದಿನ ವಿಳಾಸವನ್ನು ಕೊಡುತ್ತದೆ. ಬಿಡುಗಡೆ ಮಾಡುವಾಗ 8 ಬೈಟು ಹಿಂದೆ ಸರಿಯುತ್ತದೆ. ಒಂದು ಪ್ರತಿ ಹೀಗೆ, ಇನ್ನೊಂದು ಪ್ರತಿ ಹಾಗಲ್ಲದೆ ಕಂಪೈಲ್ ಆಗಿದ್ದು, ಒಂದು ಕೊಟ್ಟ ಪಾಯಿಂಟರನ್ನು ಇನ್ನೊಂದು ಬಿಡುಗಡೆ ಮಾಡಿದರೆ ವಿಳಾಸ 8 ಬೈಟು ತಪ್ಪುತ್ತದೆ; ಮೆಮೊರಿ ಪಡೆಯುವ ಜಾಗವಾದ ಹೀಪ್ ಕೆಡುತ್ತದೆ. ಕ್ರ್ಯಾಶ್ ಅಲ್ಲೇ ಆಗಬೇಕೆಂದಿಲ್ಲ. ಬಹಳ ಹೊತ್ತಿನ ಮೇಲೆ, ಸಂಬಂಧವೇ ಇಲ್ಲದ ಕಡೆ ಆಗಬಹುದು. ಈ ದೋಷದ ಬೆನ್ನುಹತ್ತುವುದು ಕಷ್ಟವಾಗುವುದು ಇದರಿಂದಲೇ.

ಕೊಟ್ಟ ಲೈಬ್ರರಿಯೇ ಮೆಮೊರಿಯನ್ನು ಬಿಡಬೇಕೆಂಬ ತೊಡಕು ಎಸ್‌ಕ್ಯೂಲೈಟಿಗಷ್ಟೇ ಸೀಮಿತವಲ್ಲ: ವಿಂಡೋಸಿನಲ್ಲಿ ಡಿಎಲ್‌ಎಲ್ ಎಂಬ ಲೈಬ್ರರಿ ಕಡತಗಳಿಗೆ ತಮ್ಮ ತಮ್ಮ ಹೀಪ್ ಇರಬಹುದಾದ್ದರಿಂದ ಪೋಸ್ಟ್‌ಗ್ರೆಸ್‌ ಎಂಬ ಇನ್ನೊಂದು ಡೇಟಾಬೇಸ್ ತನ್ನ ಲೈಬ್ರರಿ ಕೊಟ್ಟ ಮೆಮೊರಿಯನ್ನು ಬಿಡಲು ಪಿಕ್ಯೂಫ್ರೀಮೆಮ್ ಎಂಬ ಪ್ರತ್ಯೇಕ ಫಂಕ್ಷನ್ನನ್ನೇ ಇಟ್ಟಿದೆ.

ಮೆಮೊರಿಗಿಂತ ದೊಡ್ಡ ಹಾನಿ ಕಡತದ್ದು. ಲಿನಕ್ಸ್ ಪಾಲಿಸುವ ಪಾಸಿಕ್ಸ್ ಕಡತ-ಬೀಗಗಳ ನಿಯಮದಂತೆ, ಒಂದು ಪ್ರಕ್ರಿಯೆ ಒಂದು ಕಡತವನ್ನು ಎಲ್ಲೇ ಮುಚ್ಚಿದರೂ ಆ ಕಡತದ ಮೇಲಿನ ಅದರ ಬೀಗಗಳೆಲ್ಲ ಕಳಚುತ್ತವೆ. ಎಸ್‌ಕ್ಯೂಲೈಟಿನ ಒಂದೇ ಪ್ರತಿಯಿದ್ದರೆ ಅದು ತೆರೆದ ಕಡತಗಳ ಲೆಕ್ಕವಿಟ್ಟು ಇದನ್ನು ತಡೆಯುತ್ತದೆ. ಎರಡು ಪ್ರತಿಗಳಿದ್ದರೆ ಒಂದರ ಲೆಕ್ಕ ಇನ್ನೊಂದಕ್ಕೆ ತಿಳಿಯದು. ಹೀಗೆ ಬೀಗ ಕಳಚಿ ಡೇಟಾಬೇಸ್ ಕೆಡಬಹುದೆಂದು ಎಸ್‌ಕ್ಯೂಲೈಟ್ ತಂಡವೇ ಎಚ್ಚರಿಸಿದೆ.

ಉಬುಂಟುವಿಗೆ ಮೂಲವಾದ ಡೆಬಿಯನ್ನಿನ ನೀತಿ, ಲೈಬ್ರರಿಯ ಪ್ರತಿಯನ್ನು ಪ್ಯಾಕೇಜಿನೊಳಗೆ ಅಡಕಮಾಡಬಾರದೆನ್ನುತ್ತದೆ. ಶಾಲೆಗಳ ಮಟ್ಟಿಗೆ ಇದೇ ಸರಿಯಾದ ದಾರಿ. ಶಾಲಾ ಕಂಪ್ಯೂಟರಿಗೆ ಹೊರಗಿನ ಪ್ಲಗಿನ್ ಸೇರಿಸುವ ಶಿಕ್ಷಕರೂ ತಂತ್ರಜ್ಞರೂ, ಅದು ತನ್ನದೇ ಎಸ್‌ಕ್ಯೂಲೈಟ್ ತಂದಿದೆಯೇ ಎಂದು ಮೊದಲು ಪರೀಕ್ಷಿಸಬೇಕು.