ಲಾಗ ಹಾಕುವ ವಿಮಾನದ ಶ್ರುತಿ

ಹೇಳಿ ಕೇಳಿ ನಮ್ಮದು ಕಿವಿಯ ಕಸುಬು. ಹಾಗಾಗಿ ಈ ಸಲದ ಇತಿಹಾಸದ ಪುಟ ಒಂದು ಸದ್ದಿನಿಂದಲೇ ಶುರುವಾಗಲಿ. ಆಕಾಶದಲ್ಲಿ ಲಾಗ ಹಾಕುವ ಎರಡು ಪುಟ್ಟ ವಿಮಾನಗಳ ಧ್ವನಿಮುದ್ರಣ ಕೇಳುತ್ತಿದ್ದೆ. ಮೊದಲನೆಯದು ಧುಮುಕುವಾಗ ತಾರಕಕ್ಕೇರಿ ಕಿರುಚುತ್ತದೆ, ನೇರ ಮೇಲೇರುವಾಗ ಮಂದ್ರಕ್ಕಿಳಿದು ಏದುಸಿರು ಬಿಡುತ್ತದೆ. ಎರಡನೆಯದು ಏಳಲಿ, ಬೀಳಲಿ, ತಂಬೂರಿಯ ಹಾಗೆ ಒಂದೇ ಶ್ರುತಿ. ಈ ವ್ಯತ್ಯಾಸಕ್ಕೆ ಕಾರಣ ಮೂಗಿನ ತುದಿಯಲ್ಲಿ ತಿರುಗುವ ಪ್ರೊಪೆಲ್ಲರ್.

ಪ್ರೊಪೆಲ್ಲರಿನ ಅಲಗುಗಳು ಗಾಳಿಯನ್ನು ಎಷ್ಟು ಓರೆಯಾಗಿ ಕತ್ತರಿಸುತ್ತವೆ ಎಂಬುದೇ ಪಿಚ್. ಹಳೆಯ ಮರದ ಪ್ರೊಪೆಲ್ಲರಿನಲ್ಲಿ ಈ ಕೋನ ಬದಲಾಗದು. ಒಂದೇ ಗೇರಿನಲ್ಲಿ ಖಂಡಾಲಾ ಘಾಟ್ ಹತ್ತಿ, ಅದೇ ಗೇರಿನಲ್ಲಿ ಇಳಿದ ಹಾಗೆ. ಹತ್ತುವಾಗ ಎಂಜಿನ್ನಿಗೆ ಪೂರ್ತಿ ಸುತ್ತು ಸಿಗದು, ಇಳಿಯುವಾಗ ಮಿತಿ ಮೀರದಂತೆ ಪೈಲಟ್ ಥ್ರಾಟಲ್ ಎಳೆಯುತ್ತಲೇ ಇರಬೇಕು.

ಅಮೆರಿಕದ ಹ್ಯಾಮಿಲ್ಟನ್ ಸ್ಟ್ಯಾಂಡರ್ಡ್ ಕಂಪನಿಯ ಫ್ರಾಂಕ್ ಕಾಲ್ಡ್‌ವೆಲ್ ಹಾರುತ್ತಿರುವಾಗಲೇ ಕೋನ ಬದಲಿಸುವ ಪ್ರೊಪೆಲ್ಲರ್ ಮಾಡಿದರು. 1933ರ ಕಾಲಿಯರ್ ಟ್ರೋಫಿ ಅದಕ್ಕೇ ಸಂದಿತು. ಆಯಿಲ್ ಒತ್ತಡ ಅಲಗನ್ನು ಚಪ್ಪಟೆಯಾಗಿಸಿದರೆ, ಬುಡದಲ್ಲಿದ್ದ ಲೋಹದ ತೂಕಗಳು ಅದನ್ನು ಓರೆಗೆ ತಿರುಗಿಸುತ್ತಿದ್ದವು. ಆಮೇಲೆ ಗವರ್ನರ್ ಸೇರಿಕೊಂಡು ಸುತ್ತಿನ ವೇಗ ತಾನಾಗಿಯೇ ಒಂದೇ ಮಟ್ಟದಲ್ಲಿ ನಿಲ್ಲತೊಡಗಿತು.

ಹಾಗಾದರೆ ಕಸರತ್ತಿನವರು ತಕ್ಷಣ ಇದನ್ನೇ ಹಾಕಿಕೊಂಡರೇ? ಇಲ್ಲ, ಮಜಾ ಇರುವುದೇ ಇಲ್ಲಿ. 1972ರಲ್ಲಿ ಫ್ರಾನ್ಸಿನ ಸಲೋನ್-ದ-ಪ್ರೊವಾನ್ಸ್‌ನಲ್ಲಿ ನಡೆದ ವಿಶ್ವ ಸ್ಪರ್ಧೆಯಲ್ಲಿ ಚಾರ್ಲಿ ಹಿಲಾರ್ಡ್ ಗೆದ್ದದ್ದು ಪಿಟ್ಸ್ ಎಸ್-1ಎಸ್ ಎಂಬ 180 ಅಶ್ವಶಕ್ತಿಯ ಪುಟಾಣಿ ಬೈಪ್ಲೇನಿನಲ್ಲಿ. ಅದರ ಪ್ರೊಪೆಲ್ಲರಿನ ಕೋನ ಸ್ಥಿರ. ಕಡಿಮೆ ಭಾರ, ಕೆಡಲು ಭಾಗಗಳೇ ಇಲ್ಲ. ಶ್ರುತಿ ತಪ್ಪಿದರೂ ಕಛೇರಿ ಗೆದ್ದಿತು ಅನ್ನಿ! 200 ಅಶ್ವಶಕ್ತಿಯ, ಕೋನ ಬದಲಿಸುವ ಪ್ರೊಪೆಲ್ಲರಿನ ಒಂಟಿ ಸೀಟಿನ ಪಿಟ್ಸ್ ಎಸ್-1ಟಿ ಬಂದದ್ದು 1981ರಲ್ಲಿ.

ಅನುಮಾನಕ್ಕೆ ಕಾರಣವೂ ಇತ್ತು. ತಲೆಕೆಳಗಾದ ವಿಮಾನದಲ್ಲಿ ಆಯಿಲ್ ಕ್ಷಣಕಾಲ ಪಂಪಿಗೆ ಸಿಗದೆ ಹೋಗಬಹುದು. ಸಾಮಾನ್ಯ ಒಂಟಿ ಎಂಜಿನ್ ವಿಮಾನಗಳಲ್ಲಿ ಆಯಿಲ್ ಹೋದರೆ ಅಲಗು ಚಪ್ಪಟೆಯಾಗುತ್ತದೆ. ನಿಧಾನ ಹಾರಾಟಕ್ಕೆ ಅದೇ ಕ್ಷೇಮ. ಆದರೆ ನೆಲದತ್ತ ಧುಮುಕುತ್ತಿರುವಾಗ ಹಾಗಾದರೆ ಎಂಜಿನ್ ಮಿತಿಮೀರಿ ತಿರುಗಿ ಪುಡಿಯಾಗಬಹುದು. ಆದ್ದರಿಂದ ಕಸರತ್ತಿನ ಪ್ರೊಪೆಲ್ಲರಿಗೆ ಕಾಲ್ಡ್‌ವೆಲ್ ಕಾಲದ ತೂಕದ ಉಪಾಯವೇ ಮರಳಿ ಬಂತು. ಆಯಿಲ್ ಹೋದರೆ ಅಲಗು ಓರೆಗೆ ತಿರುಗಿ ಎಂಜಿನ್ ನಿಧಾನವಾಗುತ್ತದೆ. ಪೈಲಟ್ಟಿಗೆ ಬೇಕಾದದ್ದು ಆ ಒಂದೆರಡು ಸೆಕೆಂಡು ಅಷ್ಟೆ.

ಇನ್ನೊಂದು ಅಪಾಯ ಬುಗುರಿಯದು. ತಿರುಗುವ ಸೈಕಲ್ ಚಕ್ರವನ್ನು ಅಚ್ಚು ಹಿಡಿದು ವಾಲಿಸಿ ನೋಡಿ, ಮಣಿಕಟ್ಟು ತಿರುಚುತ್ತದೆ. ಜೆಕ್ ಪೈಲಟ್ ಲಾಡಿಸ್ಲಾವ್ ಬೆಜಾಕ್, 1960ರ ಮೊದಲ ವಿಶ್ವ ಚಾಂಪಿಯನ್, ಹೆಸರುವಾಸಿ ಮಾಡಿದ ‘ಲೊಮ್ತ್ಸೊವಾಕ್’ ಎಂಬ ಉರುಳಾಟ ನಡೆಯುವುದೇ ಈ ಬಲದ ನೆರವಿನಿಂದ. ಆದರೆ ಅದರ ಪೆಟ್ಟು ಕ್ರ್ಯಾಂಕ್‌ಶಾಫ್ಟಿಗೆ. ಭಾರದ ಲೋಹದ ಪ್ರೊಪೆಲ್ಲರ್ ಹೊತ್ತು ಇಂಥ ಆಟ ಆಡಿದ ಕೆಲವು ಎಂಜಿನ್ನುಗಳ ಶಾಫ್ಟಿನ ಮುಂತುದಿಯಲ್ಲಿ ಬಿರುಕು ಬಿಟ್ಟವು.

ಪರಿಹಾರ ಬಂದದ್ದು ಮತ್ತೆ ಮರದಿಂದಲೇ! ಜರ್ಮನಿಯ ಗೆರ್ಡ್ ಮ್ಯೂಲ್‌ಬಾವರ್ 1981ರಲ್ಲಿ ಶುರು ಮಾಡಿದ ಎಂಟಿ-ಪ್ರೊಪೆಲ್ಲರ್ ಕಂಪನಿ, ಒತ್ತಿ ಅಂಟಿಸಿದ ಮರದ ಅಲಗಿಗೆ ನಾರು-ರಾಳದ ಹೊದಿಕೆ ಹಾಕಿತು. 1988ರಲ್ಲಿ ಮೊದಲು ಹಾರಿದ, 300 ಅಶ್ವಶಕ್ತಿಯ ಎಕ್ಸ್‌ಟ್ರಾ 300 ವಿಮಾನದ ಮೂಗಿನಲ್ಲಿ ಇಂಥ ಮೂರು ಅಲಗು. ನೇರ ಓಟದ ವೇಗ ನೋಡಿದರೆ ಎರಡು ಅಲಗಿನದೇ ತುಸು ಮೇಲು. ಆದರೆ ಕಸರತ್ತಿಗೆ ಬೇಕಾದದ್ದು ಮೇಲೇರುವ ಎಳೆತ, ಜೊತೆಗೆ ಇಳಿಯುವಾಗ ಬ್ರೇಕಿನಂಥ ತಡೆ. ಅದರಲ್ಲಿ ಮೂರು ಅಲಗೇ ಗೆಲ್ಲುತ್ತದೆ.

ನಮ್ಮ ಬೆಂಗಳೂರಿನ ಎಚ್‌ಎಎಲ್ 1977ರಲ್ಲಿ ಹಾರಿಸಿದ ಎಚ್‌ಪಿಟಿ-32 ದೀಪಕ್ ತರಬೇತಿ ವಿಮಾನದ ಎಂಜಿನ್ ಹೆಸರು ಎಇಐಒ-540. ಆ ಮೊದಲ ಎರಡಕ್ಷರದ ಅರ್ಥ, ಕಸರತ್ತಿಗೆ ಸಿದ್ಧ ಎಂದು. ಎಕ್ಸ್‌ಟ್ರಾದ ಎಂಜಿನ್ನೂ ಅದೇ ಮನೆತನದ್ದು.

ಪ್ರೊಪೆಲ್ಲರಿನ ಆಯ್ಕೆಗೆ ಎಷ್ಟು ಬೆಲೆ ಎಂಬುದು 2014ರಲ್ಲಿ ಗೊತ್ತಾಯಿತು. ರೆಡ್ ಬುಲ್ ಏರ್ ರೇಸಿನಲ್ಲಿ ಆ ವರ್ಷದಿಂದ ಎಲ್ಲರಿಗೂ ಒಂದೇ ಬಗೆಯ ಎಂಜಿನ್, ಒಂದೇ ಬಗೆಯ ಮೂರು ಅಲಗಿನ ಹಾರ್ಟ್‌ಝೆಲ್ ಪ್ರೊಪೆಲ್ಲರ್ ಎಂದು ನಿಯಮ ಮಾಡಿದರು. 2019ರಲ್ಲಿ ಆ ರೇಸ್ ಸರಣಿ ನಿಲ್ಲುವವರೆಗೂ ಆಕಾಶದಲ್ಲಿ ಎಲ್ಲರದೂ ಹೆಚ್ಚುಕಡಿಮೆ ಒಂದೇ ಶ್ರುತಿ.