ಹಾಲಿ, ಕಲದಾರ, ಮುಲ್ಕಿ ಕಾಗದ

ಹೈದರಾಬಾದಿಗೆ ಹೊರಟವರ ಗಂಟಿನಲ್ಲಿ ಏನೇನಿರುತ್ತಿತ್ತು ಎಂದು ಕಲಬುರ್ಗಿ, ಬೀದರ, ರಾಯಚೂರು ಕಡೆಯ ಹಳಬರನ್ನು ಕೇಳಿದರೆ ಮೊದಲು ಬರುವುದು ರೊಟ್ಟಿಯ ಮಾತೇ. ಖಟಕ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ಖಾರ, ಒಂದೆರಡು ಉಳ್ಳಾಗಡ್ಡಿ. ಹಳೆಯ ಧೋತರದ ತುಂಡಿನಲ್ಲಿ ಕಟ್ಟಿದ ಈ ಬುತ್ತಿ ಎಂಟು ದಿನ ಕೆಡುತ್ತಿರಲಿಲ್ಲ. ಎರಡನೆಯದು ಸಂಚಿ. ನಾಲ್ಕೈದು ಅರೆಗಳ, ದಾರ ಎಳೆದರೆ ಬಾಯಿ ಮುಚ್ಚುವ ಬಟ್ಟೆಯ ಚೀಲ. ಒಂದರಲ್ಲಿ ಎಲೆ, ಒಂದರಲ್ಲಿ ಅಡಿಕೆ, ಒಂದರಲ್ಲಿ ತಂಬಾಕು, ಮಧ್ಯೆ ಸುಣ್ಣದ ಡಬ್ಬಿ. ಹೈದರಾಬಾದಿನ ನವಾಬರ ಮನೆಯಲ್ಲಿ ಇದೇ ಸಂಚಿ ಜರಿ ಹೊದ್ದುಕೊಂಡು 'ಬಟುವಾ' ಆಗಿತ್ತು. ಅವರ ದಿವಾನಖಾನೆಯ ಪಾನದಾನ ಮಾತ್ರ ನಮ್ಮ ಬೀದರಿನದು, ಕರಿ ಲೋಹಕ್ಕೆ ಬೆಳ್ಳಿ ಕೂಡಿಸಿದ ಬಿದ್ರಿ ಕೆಲಸ. ಎಲೆ-ಅಡಿಕೆಯ ಮಟ್ಟಿಗೆ ಹಳ್ಳಿಗೂ ಹೈದರಾಬಾದಿಗೂ ಅಂಥ ದೂರವೇನೂ ಇರಲಿಲ್ಲ.

ದೂರ ಇದ್ದದ್ದು ಕಿಸೆಯಲ್ಲಿ. ಬೆಂಗಳೂರು, ಮೈಸೂರಿನ ಓದುಗರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ. ನಿಜಾಮರ ರಾಜ್ಯಕ್ಕೆ ತನ್ನದೇ ನಾಣ್ಯವಿತ್ತು. ಹಾಲಿ ಸಿಕ್ಕಾ ಎಂದು ಅದರ ಹೆಸರು. 'ಹಾಲಿ' ಅಂದರೆ ಈಗ ಚಲಾವಣೆಯಲ್ಲಿರುವುದು. 'ಹಾಲಿ ಶಾಸಕರು, ಮಾಜಿ ಶಾಸಕರು' ಎಂದು ಪತ್ರಿಕೆಗಳಲ್ಲಿ ಓದುತ್ತೇವಲ್ಲ, ಅದೇ ಹಾಲಿ. ಅದಕ್ಕೆ ಮೊದಲು ರಾಜ್ಯದ ತುಂಬ ಊರಿಗೊಂದು ಟಂಕಸಾಲೆ, ಸಂಸ್ಥಾನಕ್ಕೊಂದು ರೂಪಾಯಿ. 1853ರಲ್ಲಿ ದಿವಾನರಾದ ಒಂದನೇ ಸಾಲಾರ್ ಜಂಗರು ಇದನ್ನೆಲ್ಲ ನಿಲ್ಲಿಸಿ ನಾಣ್ಯ ಹೊಡೆಯುವ ಅಧಿಕಾರವನ್ನು ಸರ್ಕಾರದ ಕೈಗೆ ತಂದರು. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಯಂತ್ರದಿಂದ ಅಚ್ಚಾಗುವ, ಚಾರ್‌ಮಿನಾರಿನ ಚಿತ್ರವಿರುವ ರೂಪಾಯಿ ಬಂತು. ಆ ಚಿತ್ರದಲ್ಲಿ ಚಾರ್‌ಮಿನಾರಿನ ಬಾಗಿಲೊಳಗೆ ಒಂದು ಅಕ್ಷರ ಇರುತ್ತದೆ: ಮಹಬೂಬ್ ಅಲಿ ಖಾನರ ಕಾಲದ್ದಾದರೆ 'ಮೀಮ್', 1911ರಲ್ಲಿ ಪಟ್ಟಕ್ಕೆ ಬಂದ ಉಸ್ಮಾನ್ ಅಲಿ ಖಾನರದಾದರೆ 'ಐನ್'. ಓದು ಬಾರದವರೂ ಇದನ್ನು ನೋಡಿ ಯಾವ ಕಾಲದ ರೂಪಾಯಿ ಎಂದು ಹೇಳುತ್ತಿದ್ದರು. 1918ರಿಂದ ಕಾಗದದ ನೋಟೂ ಬಂತು. ಆ ನೋಟಿನ ಮೇಲೆ ಉರ್ದುವಿನ ಜೊತೆಗೆ ತೆಲುಗು, ಮರಾಠಿ, ಕನ್ನಡದಲ್ಲೂ ಬೆಲೆ ಬರೆದಿತ್ತು. ಕಚೇರಿಯಲ್ಲಿ ಕನ್ನಡಕ್ಕೆ ಬಾಗಿಲು ಇರಲಿಲ್ಲ, ನೋಟಿನಲ್ಲಿ ಮೂಲೆ ಸಿಕ್ಕಿತ್ತು.

ಇನ್ನೊಂದು ನಾಣ್ಯ ಕಲದಾರ, ಅಂದರೆ ಬ್ರಿಟಿಷ್ ಇಂಡಿಯಾದ ರೂಪಾಯಿ. 'ಕಲ್' ಎಂದರೆ ಯಂತ್ರ. ಯಂತ್ರದಲ್ಲಿ ಹೊಡೆದದ್ದು ಕಲದಾರ. ನಿಜಾಮರ ರೂಪಾಯಿಯೂ ಯಂತ್ರಕ್ಕೆ ಹೋದ ಮೇಲೂ ಆ ಹೆಸರು ಇಂಗ್ಲಿಷರ ನಾಣ್ಯಕ್ಕೇ ಉಳಿಯಿತು. ಹಾಲಿ ರೂಪಾಯಿಯಲ್ಲಿ ಸಾವಿರಕ್ಕೆ 818 ಪಾಲು ಬೆಳ್ಳಿ, ಕಲದಾರದಲ್ಲಿ ಸುಮಾರು 917 ಪಾಲು; ತೂಕದಲ್ಲೂ ಹಾಲಿ ಸ್ವಲ್ಪ ಹಗುರ. ಹೀಗಾಗಿ ಆರು ಕಲದಾರಕ್ಕೆ ಏಳು ಹಾಲಿ ಎಂಬುದು ಲೆಕ್ಕ. ನೂರು ಕಲದಾರಕ್ಕೆ 116 ರೂಪಾಯಿ 10 ಆಣೆ 8 ಪೈ ಹಾಲಿ. ಈ ಲೆಕ್ಕವನ್ನು ನಮ್ಮ ಕಡೆಯ ಮುದುಕರು ಮಗ್ಗಿಯ ಹಾಗೆ ಹೇಳುತ್ತಿದ್ದರು.

ಹಾಗಾಗಿ ಪ್ರಯಾಣ ಎಂದರೆ ಎರಡು ಗಂಟು. 1871ರಲ್ಲಿ ಮುಂಬಯಿ ಮತ್ತು ಮದ್ರಾಸಿನ ರೈಲು ಹಳಿಗಳು ರಾಯಚೂರಿನಲ್ಲಿ ಕೂಡಿದವು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾಯಿತು. ಅಲ್ಲಿಂದ ವಾಡಿ ಎಂಬ ಸಣ್ಣ ಊರಿಗೆ ತನ್ನ ಗಾತ್ರಕ್ಕೆ ಮೀರಿದ ಮಹತ್ವ ಬಂತು. ಕಲಬುರ್ಗಿಯವನು ಸೊಲ್ಲಾಪುರಕ್ಕೆ ಹತ್ತಿ ಮಾರಲು ಹೊರಟರೆ ಕಲದಾರ ಬೇಕು, ಹೈದರಾಬಾದಿಗೆ ಕೋರ್ಟು ಕೆಲಸಕ್ಕೆ ಹೊರಟರೆ ಹಾಲಿ ಸಾಕು. ಗಡಿಯ ಊರುಗಳಲ್ಲಿ ಸರಾಫರು ಬಟ್ಟೆ ಹಾಸಿ ಕೂತಿರುತ್ತಿದ್ದರು. "ಹಾಲಿ ಕೊಡ್ಲೇನ್ರೀ, ಕಲದಾರ ಕೊಡ್ಲಿ?" ಎಂಬ ಪ್ರಶ್ನೆ ಅಂಗಡಿಯ ಮಾಮೂಲು ಮಾತು. ಮದುವೆಯ ಮಾತುಕತೆಯಲ್ಲಿ ಕೂಡ, ಗಡಿ ದಾಟಿ ಸಂಬಂಧ ಮಾಡುವವರು 'ಐನೂರು' ಎಂದಷ್ಟೇ ಹೇಳಿ ಬಿಡುವಂತಿರಲಿಲ್ಲ. ಯಾವ ಐನೂರು ಎಂದು ಹಿರಿಯರು ಕೇಳಿಯೇ ಕೇಳುತ್ತಿದ್ದರು. ನಮ್ಮ ಅಜ್ಜಿ ಸೆರಗಿನ ಒಂದು ಚುಂಗಿನಲ್ಲಿ ಹಾಲಿ, ಇನ್ನೊಂದು ಚುಂಗಿನಲ್ಲಿ ಕಲದಾರ ಗಂಟು ಹಾಕುತ್ತಿದ್ದಳಂತೆ. ಯಾವ ಗಂಟು ಯಾವ ಕಡೆ ಎಂಬುದು ಅವಳಿಗೆ ಕತ್ತಲಲ್ಲೂ ಗೊತ್ತಿತ್ತು.

ಗಡಿಯಲ್ಲಿ ಕರೋಡಗಿರಿಯವರ ಕಾಟ ಬೇರೆ. ಕರೋಡಗಿರಿ ಎಂದರೆ ನಿಜಾಮ ಸರ್ಕಾರದ ಸುಂಕದ ಇಲಾಖೆ. ಸರಕು ಒಳಗೆ ಬಂದರೂ ಸುಂಕ, ಹೊರಗೆ ಹೋದರೂ ಸುಂಕ. ಟಪಾಲೂ ಬೇರೆಯೇ. ನಿಜಾಮರ ಅಂಚೆಚೀಟಿ 1869ರಿಂದ ಇತ್ತು, ಅದು ರಾಜ್ಯದೊಳಗೆ ಮಾತ್ರ ನಡೆಯುತ್ತಿತ್ತು. ಹೈದರಾಬಾದಿನಲ್ಲಿ ಓದುವ ಹುಡುಗ ಕಲಬುರ್ಗಿಯ ಮನೆಗೆ ನಿಜಾಮರ ಕಾರ್ಡಿನಲ್ಲಿ 'ಕ್ಷೇಮ' ಬರೆಯಬಹುದು; ಧಾರವಾಡದ ಸೋದರಮಾವನಿಗೆ ಬರೆಯಬೇಕಾದರೆ ಇಂಗ್ಲಿಷರ ಕಾರ್ಡು. ಟ್ರಂಕಿನಲ್ಲಿ ಎರಡು ಬಗೆಯ ಕಾರ್ಡು ಇಟ್ಟುಕೊಂಡೇ ಹೊರಡುವುದು ಜಾಣತನವಾಗಿತ್ತು.

ನಾಣ್ಯದ ಮಾತು ಬಂದಾಗ ಇನ್ನೊಂದನ್ನು ಬಿಡುವಂತಿಲ್ಲ. ಹೈದರಾಬಾದಿನ ಮುಸ್ಲಿಮರ ಮನೆಯಿಂದ ಯಾರಾದರೂ ಪ್ರಯಾಣ ಹೊರಟರೆ ಬಲದೋಳಿಗೆ ಒಂದು ಬಟ್ಟೆಯ ಪಟ್ಟಿ ಕಟ್ಟುತ್ತಾರೆ. ಅದರೊಳಗೆ ಒಂದು ನಾಣ್ಯ. ಇದು ಇಮಾಮ್ ಜಾಮಿನ್. ನಮ್ಮ ಕೋರ್ಟಿನ ಜಾಮೀನೂ ಇದೇ ಶಬ್ದ. ಪ್ರಯಾಣಿಕನಿಗೆ ಇಮಾಮರು ಜಾಮೀನು ನಿಂತಿದ್ದಾರೆ ಎಂದು ಅರ್ಥ. ಈ ಇಮಾಮರು ಎಂಟನೆಯವರಾದ ಅಲಿ ಅಲ್-ರಿಜಾ, ಇರಾನಿನ ಮಶ್‌ಹದ್‌ನಲ್ಲಿ ಅವರ ಸಮಾಧಿ ಇದೆ. ಖಲೀಫ ಅಲ್-ಮಾಮೂನ್ 817ರಲ್ಲಿ ಅವರನ್ನು ತನ್ನ ಉತ್ತರಾಧಿಕಾರಿ ಎಂದು ಸಾರಿ ಅವರ ಹೆಸರಿನಲ್ಲಿ ನಾಣ್ಯ ಹೊಡೆಸಿದ. ಆ ನಾಣ್ಯ ಹತ್ತಿರ ಇದ್ದವರಿಗೆ ದಾರಿಯಲ್ಲಿ ತೊಂದರೆಯಿಲ್ಲ ಎಂಬ ನಂಬಿಕೆಯಿಂದ ಈ ಪದ್ಧತಿ ಬಂತು ಎಂದು ಹೇಳುತ್ತಾರೆ. ನಾಣ್ಯ ಹುಟ್ಟಿದ್ದು ಇತಿಹಾಸ, ಮಿಕ್ಕದ್ದು ಜನರ ಮಾತು. ಊರು ಮುಟ್ಟಿದ ಮೇಲೆ ಪಟ್ಟಿ ಬಿಚ್ಚಿ ಆ ಹಣವನ್ನು ಬಡವರಿಗೆ ಕೊಡಬೇಕು. ಅಂದರೆ ಖರ್ಚು ಮಾಡಲಿಕ್ಕಲ್ಲದ ದುಡ್ಡೂ ಒಂದು ಪ್ರಯಾಣಕ್ಕೆ ಬೇಕು. ಮೊದಲು ಬೇಗಂಪೇಟೆ, 2008ರ ಮಾರ್ಚಿನಿಂದ ಶಂಶಾಬಾದು: ವಿಮಾನ ನಿಲ್ದಾಣದಲ್ಲಿ ಜಿದ್ದಾಗೆ, ದುಬೈಗೆ, ಶಿಕಾಗೊಗೆ ಹೊರಟ ಹುಡುಗರ ತೋಳಿನಲ್ಲಿ ಇದನ್ನು ಈಗಲೂ ಕಾಣಬಹುದು. ನಾಣ್ಯದ ಬದಲು ನೋಟು ಮಡಚಿ ಕಟ್ಟುವವರೂ ಇದ್ದಾರೆ.

ಎರಡು ನಾಣ್ಯದ ಈ ಬದುಕು ತಮಾಷೆಯಾಗಿ ಕಾಣಬಹುದು. 1947ರ ಕೊನೆಗೆ ಅದು ತಮಾಷೆಯಾಗಿ ಉಳಿಯಲಿಲ್ಲ. ನವೆಂಬರ್ 29ರಂದು ನಿಜಾಮರಿಗೂ ಭಾರತ ಸರ್ಕಾರಕ್ಕೂ ಯಥಾಸ್ಥಿತಿ ಒಪ್ಪಂದ ಆಯಿತು. ಅದರ ಮಸಿ ಆರುವ ಮೊದಲೇ ನಿಜಾಮ ಸರ್ಕಾರ ಎರಡು ಆಜ್ಞೆ ಹೊರಡಿಸಿತು: ಬೆಳ್ಳಿ-ಬಂಗಾರ ಹೊರಗೆ ಒಯ್ಯಲು ನಿರ್ಬಂಧ, ಭಾರತದ ನಾಣ್ಯ ರಾಜ್ಯದೊಳಗೆ ಕಾನೂನುಬದ್ಧ ಅಲ್ಲ. ದೆಹಲಿಯಲ್ಲಿ ಇದು ಒಪ್ಪಂದ ಮುರಿದ ಪ್ರಶ್ನೆ. ಆಳಂದದ, ಬಸವಕಲ್ಯಾಣದ ಒಂದು ಮನೆಯಲ್ಲಿ ಇದು ಅಡುಗೆಮನೆಯ ಗಡಿಗೆಯಲ್ಲಿಟ್ಟ ಹಣದ ಪ್ರಶ್ನೆ. ಅದೇ ಹೊತ್ತಿಗೆ ರಜಾಕಾರರ ಹಾವಳಿ ಜೋರಾಗಿ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಜನ ಸೊಲ್ಲಾಪುರ, ಗದಗ, ಬಾರ್ಶಿಯ ಕಡೆ ಗಡಿ ದಾಟತೊಡಗಿದರು. ಏನು ಒಯ್ಯಬೇಕು? ಬಂಗಾರ ಒಯ್ದರೆ ಅಪರಾಧ. ಹಾಲಿ ಒಯ್ದರೆ ಆಚೆ ನಡೆಯದು. ಕಲದಾರ ಇಟ್ಟುಕೊಂಡರೆ ಈಚೆ ಅನುಮಾನ. ಗಡಿಯಾಚೆ ಹಾಲಿ ಬದಲಾಯಿಸಲು ಹೋದವರಿಗೆ ಏಳಕ್ಕೆ ಆರು ಎಂಬ ಲೆಕ್ಕ ಯಾರೂ ಕೊಡಲಿಲ್ಲ, ಸಾಹುಕಾರ ಹೇಳಿದ್ದೇ ದರ ಎಂದು ಆ ದಾರಿ ನಡೆದ ಹಿರಿಯರ ಬಾಯಲ್ಲಿ ಕೇಳಿದ್ದೇನೆ. ಕಡೆಗೆ ಕೈಯಲ್ಲಿ ಉಳಿದದ್ದು ಮತ್ತೆ ರೊಟ್ಟಿಯ ಗಂಟು. ಅದಕ್ಕೆ ಸುಂಕವಿಲ್ಲ, ವಟಾವಣೆಯಿಲ್ಲ.

1948ರ ಸೆಪ್ಟೆಂಬರ್ 13ರಿಂದ 17ರ ವರೆಗಿನ ಪೊಲೀಸ್ ಕಾರ್ಯಾಚರಣೆಯ ನಂತರ ಎಲ್ಲವೂ ಒಂದೇ ದಿನದಲ್ಲಿ ಬದಲಾಗಲಿಲ್ಲ. ನಿಜಾಮರ ಟಪಾಲು 1950ರ ಏಪ್ರಿಲ್ 1ರಂದು ಭಾರತದ ಅಂಚೆಯಲ್ಲಿ ಸೇರಿತು. 1950ರಲ್ಲಿ ಭಾರತದ ರೂಪಾಯಿ ಬಂದರೂ ಹಾಲಿ ಜೊತೆಯಲ್ಲೇ ಓಡಾಡಿತು. 1951ರಲ್ಲಿ ಹೊಸದಾಗಿ ಹೊರಡಿಸುವುದು ನಿಂತು, 1959ರಲ್ಲಿ ಪೂರ್ತಿ ರದ್ದಾಯಿತು. 'ಹಾಲಿ' ಎಂಬ ಹೆಸರಿನ ನಾಣ್ಯ ಮಾಜಿಯಾಯಿತು.

ಆದರೆ ಆ ಹೊತ್ತಿಗೆ ಕಿಸೆಯಲ್ಲಿ ನಾಣ್ಯಕ್ಕಿಂತ ದೊಡ್ಡ ವಸ್ತು ಒಂದು ಬಂದು ಕೂತಿತ್ತು. ಮುಲ್ಕಿ ಸರ್ಟಿಫಿಕೇಟು. ಧಾರವಾಡದ ಕಡೆಯ ಹಿರಿಯರಿಗೆ ಮುಲ್ಕಿ ಎಂದರೆ ಏಳನೇ ಇಯತ್ತೆಯ ಪರೀಕ್ಷೆ, ಮಂಗಳೂರಿನವರಿಗೆ ಮೂಲ್ಕಿ ಒಂದು ಊರು. ಹೈದರಾಬಾದಿನಲ್ಲಿ ಮುಲ್ಕಿ ಎಂದರೆ ಈ ಮುಲ್ಕಿನವನು, ಈ ನಾಡಿನವನು. ಸಾಲಾರ್ ಜಂಗರ ಕಾಲದಿಂದ ಉತ್ತರ ಹಿಂದೂಸ್ತಾನದ ಇಂಗ್ಲಿಷ್ ಕಲಿತವರು ಬಂದು ದೊಡ್ಡ ಹುದ್ದೆಗಳಲ್ಲಿ ಕೂತರು ಎಂಬ ಅಸಮಾಧಾನ ಹಳೆಯದು. 1919ರ ನಿಯಮಗಳು ಮುಲ್ಕಿ ಅಲ್ಲದವನಿಗೆ ವಿಶೇಷ ಅಪ್ಪಣೆ ಇಲ್ಲದೆ ಸರ್ಕಾರಿ ನೌಕರಿ ಇಲ್ಲ ಎಂದವು. ಹೊರಗಿನಿಂದ ಬಂದವನು ಮುಲ್ಕಿ ಆಗಬಹುದು, ಎರಡು ಷರತ್ತಿನ ಮೇಲೆ. ಹದಿನೈದು ವರ್ಷ ಇಲ್ಲಿ ಖಾಯಂ ಇರಬೇಕು. ಮತ್ತು ತನ್ನ ಹಿಂದಿನ ಊರಿಗೆ ಮರಳುವ ವಿಚಾರವನ್ನು ಬಿಟ್ಟಿದ್ದೇನೆ ಎಂದು ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣಪತ್ರ ಮಾಡಬೇಕು.

ಈ ಎರಡನೇ ಷರತ್ತನ್ನು ಓದಿದಾಗಲೆಲ್ಲ ನನಗೆ ನಿಂತು ಯೋಚಿಸುವ ಹಾಗಾಗುತ್ತದೆ. ಪರಊರಿನಲ್ಲಿ ಇರುವ ಯಾವ ಮನುಷ್ಯ ಇದನ್ನು ನಿಜವಾಗಿ ಹೇಳಬಲ್ಲ? ಬಳ್ಳಾರಿಯಿಂದ, ಬಿಜಾಪುರದಿಂದ ಹೈದರಾಬಾದಿಗೆ ಬಂದು ಅಂಗಡಿ ಇಟ್ಟವರಿಗೆ, ಮೇಷ್ಟ್ರಾದವರಿಗೆ, ಊರಲ್ಲಿ ಹೊಲ ಇತ್ತು, ಜಾತ್ರೆ ಇತ್ತು, ಮನೆದೇವರು ಇತ್ತು. ಆದರೂ ಮಗನ ನೌಕರಿಗಾಗಿ 'ಮರಳುವ ವಿಚಾರ ಇಲ್ಲ' ಎಂದು ಸಹಿ ಹಾಕಬೇಕು. ಸಹಿ ಹಾಕಿ, ಮುಂದಿನ ವಾರ ಜಾತ್ರೆಗೆ ಹೊರಡಬೇಕು. ಕಲಬುರ್ಗಿ, ಬೀದರ, ರಾಯಚೂರಿನವರಿಗೆ ಈ ಪೇಚು ಇರಲಿಲ್ಲ. ಅವರು ಹುಟ್ಟಾ ಮುಲ್ಕಿಗಳು, ಹೈದರಾಬಾದ್ ಅವರದೇ ರಾಜಧಾನಿ.

ಪೊಲೀಸ್ ಕಾರ್ಯಾಚರಣೆಯ ನಂತರ ಮದ್ರಾಸ್ ಪ್ರಾಂತ್ಯದಿಂದ ಬಂದ ನೌಕರರ ವಿರುದ್ಧ 1952ರಲ್ಲಿ ವಿದ್ಯಾರ್ಥಿಗಳ ಚಳವಳಿ ಎದ್ದಿತು. 'ನಾನ್ ಮುಲ್ಕಿ ಗೋ ಬ್ಯಾಕ್', 'ಇಡ್ಲಿ ಸಾಂಬಾರ್ ಗೋ ಬ್ಯಾಕ್' ಎಂಬ ಘೋಷಣೆಗಳು. ಆ ಸೆಪ್ಟೆಂಬರಿನಲ್ಲಿ ಸಿಟಿ ಕಾಲೇಜಿನ ಬಳಿ ಪೊಲೀಸರು ಗುಂಡು ಹಾರಿಸಿ ಸಾವುಗಳಾದವು. ಊಟದಿಂದ ಮನುಷ್ಯನ ನಾಡನ್ನು ಗುರುತಿಸಿ ಹೊರಗೆ ಹಾಕಬೇಕೆನ್ನುವ ಆ ಕೂಗನ್ನು ಕೇಳಿದ ಕನ್ನಡಿಗರಲ್ಲಿ ಎರಡು ಪಂಗಡ: ಜೋಳದ ರೊಟ್ಟಿಯವರು ಮುಲ್ಕಿ, ಇಡ್ಲಿಯವರು ಗೈರ್‌ಮುಲ್ಕಿ. ಮಾತಾಡುವುದು ಇಬ್ಬರೂ ಕನ್ನಡವೇ.

ನಾಲ್ಕು ವರ್ಷ ಕಳೆಯುವಷ್ಟರಲ್ಲಿ ರೊಟ್ಟಿಯವರ ಸರದಿಯೂ ಬಂತು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಹೋಳಾಯಿತು. ಕನ್ನಡದ ಮೂರು ಜಿಲ್ಲೆ ಮೈಸೂರಿಗೆ, ಮರಾಠವಾಡಾ ಮುಂಬಯಿಗೆ, ತೆಲಂಗಾಣ ಆಂಧ್ರಕ್ಕೆ. ಏಕೀಕರಣದ ಸಂತೋಷ ಸಣ್ಣದಲ್ಲ. ಅದಕ್ಕಾಗಿ ಈ ಭಾಗದವರು ಜೈಲಿಗೂ ಹೋಗಿದ್ದರು. ಆದರೆ ಕಾಚಿಗುಡದಲ್ಲೋ ಸುಲ್ತಾನ್ ಬಜಾರಿನಲ್ಲೋ ಮನೆ ಮಾಡಿಕೊಂಡಿದ್ದ ಕಲಬುರ್ಗಿಯ ಗುಮಾಸ್ತ ಅಕ್ಟೋಬರ್ 31ರ ರಾತ್ರಿ ತನ್ನ ರಾಜಧಾನಿಯಲ್ಲಿ ಮಲಗಿ, ಬೆಳಿಗ್ಗೆ ಪರರಾಜ್ಯದಲ್ಲಿ ಎದ್ದ. ಅವನು ಊರು ಬಿಟ್ಟಿರಲಿಲ್ಲ, ಗಂಟು ಕಟ್ಟಿರಲಿಲ್ಲ. ಊರೇ ಅವನನ್ನು ಬಿಟ್ಟು ಹೋಗಿತ್ತು. ಕನ್ನಡದ ಜಿಲ್ಲೆಗಳಿಗೆ ಹಂಚಿಕೆಯಾದ ನೌಕರರು ಟ್ರಂಕು ಹೊತ್ತು ಬೆಂಗಳೂರಿಗೆ ಹೋದರು. ಅಲ್ಲಿ ಉರ್ದುವಿನಲ್ಲಿ ಓದಿದ ಇವರ ಕನ್ನಡ ಕೇಳಿ ಜನ ನಕ್ಕದ್ದೂ ಉಂಟು. ಇಲ್ಲೇ ಉಳಿದವರು ನೃಪತುಂಗ ಶಾಲೆಯಲ್ಲಿ, ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಕನ್ನಡವನ್ನು ನೋಡಿಕೊಂಡರು. ಮುಲ್ಕಿ ನಿಯಮಗಳು ತೆಲಂಗಾಣದಲ್ಲಿ ಮುಂದುವರಿದು, 1969ರ ಚಳವಳಿ ಕಂಡು, 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದು, 1973ರಲ್ಲಿ ರದ್ದಾದವು.

ಕಾಗದ ಮಾತ್ರ ಹೆಸರು ಬದಲಿಸಿಕೊಂಡು ಉಳಿದಿದೆ. ಗಡಿಯ ಈಚೆ, 2014ರ ಜೂನ್ 2ರಂದು ಹುಟ್ಟಿದ ತೆಲಂಗಾಣದಲ್ಲಿ, ಯಾವ ಶಾಲೆಯಲ್ಲಿ ಎಷ್ಟು ವರ್ಷ ಓದಿದೆ ಎಂಬ ಸ್ಟಡಿ ಸರ್ಟಿಫಿಕೇಟು ಸ್ಥಳೀಯನೋ ಅಲ್ಲವೋ ಎಂದು ಹೇಳುತ್ತದೆ. ಗಡಿಯ ಆಚೆ, 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371(ಜೆ) ಕಲಮಿನ ಪ್ರಮಾಣಪತ್ರ. 2019ರಲ್ಲಿ ಆ ಭಾಗದ ಹೆಸರು ಕಲ್ಯಾಣ ಕರ್ನಾಟಕ ಆದ ಮೇಲೂ ಪತ್ರದ ಬೆಲೆ ಇಳಿದಿಲ್ಲ. ನಮ್ಮ ಮನೆಗೆ ಯಾದಗಿರಿಯಿಂದ, ಸೇಡಂನಿಂದ ಕೆಲಸ ಹುಡುಕಿ ಬರುವ ಹುಡುಗರು ಮೊದಲು ತೆಗೆದು ಮೇಜಿನ ಮೇಲಿಡುವುದು ಪ್ಲಾಸ್ಟಿಕ್ ಫೈಲು. ಆಧಾರ್, ಮಾರ್ಕ್ಸ್ ಕಾರ್ಡು, ಜಾತಿ-ಆದಾಯ, 371(ಜೆ), ಎಲ್ಲದಕ್ಕೂ ಮೂರು ಮೂರು ಝೆರಾಕ್ಸು. "ಹೈದರಾಬಾದಿನಾಗ 371(ಜೆ) ಯಾಕ ಬೇಕೋ ತಮ್ಮಾ?" ಎಂದರೆ, "ಇರ್ಲಿ ಬಿಡ್ರೀ ಕಾಕಾ, ಜೊತೀಗಿದ್ರ ಧೈರ್ಯ" ಎನ್ನುತ್ತಾರೆ. ಆಮೇಲೆ ಚೀಲದ ತಳದಿಂದ ಅವ್ವ ಕಟ್ಟಿಕೊಟ್ಟ ರೊಟ್ಟಿ ಹೊರಗೆ ಬರುತ್ತದೆ. ಈಗ ಧೋತರದ ತುಂಡಿಲ್ಲ, ಹಿಂದೂ ಪತ್ರಿಕೆಯೋ ವಿಜಯವಾಣಿಯೋ ಸುತ್ತಿರುತ್ತದೆ. ಹಿಂಡಿ ಹಾರ್ಲಿಕ್ಸ್ ಡಬ್ಬಿಯಲ್ಲಿ.