ಅಜ್ಜಿಯ ಮೂಗು, ದೊರೆಯ ಅಳತೆ

ನನ್ನ ಮೂಗು ಅಗಲ, ಹೊಳ್ಳೆ ದೊಡ್ಡವು. ಇದು ನನ್ನ ಅಜ್ಜಿ ಕೊಟ್ಟ ಮೂಗು. ಕಂಪ್ಲಿಯ ಕಬ್ಬಿನ ಗದ್ದೆಯಲ್ಲಿ ಕೂಲಿ ಮಾಡಿ, ಆಮೇಲೆ ಸಂಡೂರಿನ ಗುಡ್ಡದಲ್ಲಿ ಅದಿರು ಕುಟ್ಟಿ, ಜರಡಿ ಹಿಡಿದು, ಬುಟ್ಟಿ ಹೊತ್ತವಳು ಆಕೆ. ಮನೆಯಲ್ಲಿ ಆಕೆಯ ಒಂದು ಫೋಟೋನೂ ಇಲ್ಲ. ನೋಡಬೇಕು ಅನ್ನಿಸಿದಾಗ ಕನ್ನಡಿ ಮುಂದೆ ನಿಲ್ಲುತ್ತೇನೆ.

ಶಾಲೆಯಲ್ಲಿ ಒಬ್ಬ ಮೇಷ್ಟ್ರು ಈ ಮೂಗು ನೋಡಿಯೇ ನಾನು ಯಾವ ಕೇರಿಯವನು ಅಂತ ಹೇಳಿಬಿಟ್ಟರು. ಇಡೀ ಕ್ಲಾಸು ನಕ್ಕಿತು. ಅಳುತ್ತ ಬಂದವನಿಗೆ ಅಜ್ಜಿ ಅಂದಳು: 'ಅಳಬ್ಯಾಡಲೇ. ಗುಡ್ಡದ ಧೂಳೆಲ್ಲ ಕುಡಿದ ಮೂಗು ಇದು. ಅವ್ರ ಮಾತು ಯಾವ ಲೆಕ್ಕ?'

ಮೇಷ್ಟ್ರಿಗೆ ಈ ವಿದ್ಯೆ ಎಲ್ಲಿಂದ ಬಂತು? ಕಾಲೇಜು ಲೈಬ್ರರಿಯಲ್ಲಿ ಹುಡುಕಿದೆ. ಅದಕ್ಕೊಂದು ಸರ್ಕಾರಿ ಚರಿತ್ರೆಯೇ ಇದೆ.

ಬಂಗಾಳದಲ್ಲಿ ಅಧಿಕಾರಿಯಾಗಿದ್ದ ಹರ್ಬರ್ಟ್ ರಿಸ್ಲೆ ಮೂಗಿನ ಅಗಲವನ್ನು ಉದ್ದದಿಂದ ಭಾಗಿಸಿ 100ರಿಂದ ಗುಣಿಸಿದ. ಅಂಕಿ 70ಕ್ಕಿಂತ ಕಡಿಮೆಯಾದರೆ ಚೂಪು ಮೂಗು, 85 ದಾಟಿದರೆ ಅಗಲ ಮೂಗು. ಮೂಗು ಸಣ್ಣಗಾದಷ್ಟೂ ಜಾತಿ ಮೇಲಕ್ಕೇರುತ್ತದೆ ಎಂದು 1891ರಲ್ಲೇ ಬರೆದ. 1901ರ ಜನಗಣತಿಗೆ ಇವನೇ ಕಮಿಷನರ್. ಜಾತಿಗಳನ್ನು ಮೇಲು ಕೀಳಿನ ಸಾಲಿನಲ್ಲಿ ನಿಲ್ಲಿಸಿದ. ಮನು ಬರೆದಿಟ್ಟದ್ದಕ್ಕೆ ಅಳತೆಪಟ್ಟಿಯ ಸಾಕ್ಷಿ ಸಿಕ್ಕಿತು!

ನಮ್ಮ ಬಳ್ಳಾರಿ ಜಿಲ್ಲೆ 1953ರವರೆಗೆ ಮದ್ರಾಸಿಗೆ ಸೇರಿತ್ತು. ಅಲ್ಲಿನ ಮ್ಯೂಸಿಯಮ್ಮಿನ ಮುಖ್ಯಸ್ಥ ಎಡ್ಗರ್ ಥರ್ಸ್ಟನ್ ಕೂಡ ಅಳತೆಯ ಉಪಕರಣ ಹಿಡಿದು ಊರೂರು ತಿರುಗಿದ. ದಕ್ಷಿಣದ ಜಾತಿ, ಬುಡಕಟ್ಟುಗಳ ಮೇಲೆ 1909ರಲ್ಲಿ ಅವನ 7 ಸಂಪುಟಗಳು ಬಂದವು. ವಯನಾಡಿನ ಪಣಿಯ ಹೆಂಗಸರು ಅವನನ್ನು ಕಂಡು ಓಡಿದರಂತೆ. ತಮ್ಮನ್ನು ಹಿಡಿದು, ಹೊಟ್ಟು ತುಂಬಿ ಮ್ಯೂಸಿಯಮ್ಮಿನಲ್ಲಿ ನಿಲ್ಲಿಸುತ್ತಾನೆ ಎಂಬ ಭಯ. ಅವನು ಅದನ್ನು ತಮಾಷೆಯೆಂದು ಬರೆದುಕೊಂಡ. ನನಗೆ ನಗು ಬರಲಿಲ್ಲ. ಓಡಿದವರು ಸರಿಯಾಗಿಯೇ ತಿಳಿದಿದ್ದರು.

ಇದಕ್ಕೆ ಉತ್ತರ ಕೊಟ್ಟವರು ಬಾಬಾಸಾಹೇಬರು. ಅಸ್ಪೃಶ್ಯರು ಯಾರು ಎಂದು ಕೇಳುವ 1948ರ ತಮ್ಮ ಪುಸ್ತಕದಲ್ಲಿ, ಅಳೆದವರ ಅಂಕಿಗಳನ್ನೇ ಎತ್ತಿಕೊಂಡು ಬ್ರಾಹ್ಮಣರ ಮೂಗನ್ನೂ ಅಸ್ಪೃಶ್ಯರ ಮೂಗನ್ನೂ ಪಕ್ಕಪಕ್ಕ ಇಟ್ಟರು. ಈ ಅಳತೆಯನ್ನು ಒಪ್ಪುವುದಾದರೆ ಇಬ್ಬರೂ ಒಂದೇ ಜನಾಂಗದವರು ಎಂದು ತೋರಿಸಿದರು. ಅವರದೇ ಕೋಲಿನಿಂದ ಅವರಿಗೇ ಪೆಟ್ಟು. ಅಸ್ಪೃಶ್ಯತೆ ರಕ್ತದಲ್ಲಿಲ್ಲ, ಮನುಷ್ಯರು ಮಾಡಿದ್ದು, ಮಾಡಿದ್ದನ್ನು ಮುರಿಯಬಹುದು.

ಇವತ್ತಿನ ವಿಜ್ಞಾನ ಇನ್ನೂ ಮುಂದೆ ಹೋಗಿದೆ. ಮೂಗಿನ ಆಕಾರವನ್ನು ತಿದ್ದುವ ಕೆಲವು ಜೀನುಗಳನ್ನು 2016ರಲ್ಲಿ ಗುರುತಿಸಿದರು. ಹೊಳ್ಳೆಯ ಅಗಲಕ್ಕೂ ಪೂರ್ವಿಕರು ಬದುಕಿದ ನೆಲದ ಬಿಸಿಲು, ತೇವಕ್ಕೂ ನಂಟಿದೆ ಎಂದು 2017ರಲ್ಲಿ ಹೇಳಿದರು. ಅಜ್ಜಿಯಿಂದ ನನಗೆ ಬಂದದ್ದು ಉಸಿರಾಡುವ ದಾರಿ. ಮೇಲು ಕೀಳು ಅದರೊಳಗಿಲ್ಲ. ಅದನ್ನು ತಮ್ಮ ಮೂಗಿನ ನೇರಕ್ಕೆ ನೋಡುವವರು ಹೊರಗಿನಿಂದ ತಂದು ಅಂಟಿಸಿದ್ದು.

ಗೆಳೆಯರೇ, ಹಂಪಿಗೆ ಬಂದವರು ಮೂಗು ಮುರಿದ ವಿಗ್ರಹದ ಮುಂದೆ ನಿಂತು 1565ರ ಯುದ್ಧ ನೆನೆದು ಮರುಗುತ್ತಾರೆ. ಮರುಗಲಿ. ಅದೇ ಜನ ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಕೆಂಧೂಳು ಮೆತ್ತಿದ ನಮ್ಮ ಹೆಂಗಸರನ್ನು ಕಂಡು ಮೂಗು ಮುರಿಯುತ್ತಾರಲ್ಲ, ಅದಕ್ಕೆ ಮರುಗುವವರು ಯಾರು?

ಸಂಡೂರಿನ ಗುಡ್ಡ ಕರಗಿತು. 2008ರಲ್ಲಿ, 2011ರಲ್ಲಿ ಲೋಕಾಯುಕ್ತರ ವರದಿ ಬಂತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. 2013ರಲ್ಲಿ ಷರತ್ತಿನ ಮೇಲೆ ಮತ್ತೆ ಬಿಟ್ಟಿತು. ಎಷ್ಟು ಟನ್ನು ಪರ್ಮಿಟ್ಟಿಲ್ಲದೆ ಹೋಯಿತು ಎಂಬ ಲೆಕ್ಕ ನಡೆಯಿತು. ಅಜ್ಜಿಯ ಎದೆಗಿಳಿದ ಧೂಳಿಗೆ ಪರ್ಮಿಟ್ಟು ಬೇಕಿರಲಿಲ್ಲ. ಕೊನೆಗಾಲದಲ್ಲಿ ಕೆಮ್ಮಿ ಕೆಮ್ಮಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಗುಡ್ಡ ಬಿಟ್ಟು ವರ್ಷಗಳಾಗಿದ್ದರೂ ಒರೆಸುವ ರೂಢಿ ಬಿಟ್ಟಿರಲಿಲ್ಲ.

ಅಂದು ಅಳೆಯಬೇಕಿದ್ದದ್ದು ಮೂಗನ್ನಲ್ಲ, ಮೂಗಿನೊಳಕ್ಕೆ ಹೋದದ್ದನ್ನು. ಆ ಅಳತೆಯನ್ನು ಇನ್ನು ನಾವು ಕೇಳಬೇಕು. ಅಜ್ಜಿ ಕೊಟ್ಟ ಮೂಗು ನನ್ನ ಮುಖದ ಮೇಲಿದೆ. ಮುಚ್ಚಿಕೊಂಡು ತಿರುಗುವುದಿಲ್ಲ.